ನಮ್ಮ ಮನೆಯವರ ಎರಡನೇ ಹುಟ್ಟು

ನಮ್ಮ ಮನೆಯವರು ಎರಡನೇ ಸಲ ಹುಟ್ಟಿದ್ದು ತಮ್ಮ ಅರವತ್ತಾರನೇ ವಯಸ್ಸಿನಲ್ಲಿ, ಒಂದು ಭಾನುವಾರ, ಪೇಟೆಯ ಹಾರ್ಡ್‌ವೇರ್ ಅಂಗಡಿಯ ಮೇಲಿರುವ ಪ್ರಾರ್ಥನೆಯ ಹಾಲ್‌ನಲ್ಲಿ. ಮೊದಲನೇ ಹೆರಿಗೆಗೆ ಅವರ ತಾಯಿ ಎರಡು ದಿನ ನೋವು ತಿಂದಿದ್ದರಂತೆ. ಎರಡನೆಯದು ಒಂದು ಕೀಬೋರ್ಡ್, ಒಂದು ಡ್ರಮ್ ಸೆಟ್ಟು ಮತ್ತು ಮೈಕ್ ಹಿಡಿದ ಒಬ್ಬ ಪಾಸ್ಟರ್ ಸಹಾಯದಿಂದ ಮುಕ್ಕಾಲು ಗಂಟೆಯಲ್ಲಿ ಸುಸೂತ್ರವಾಗಿ ಮುಗಿಯಿತು. ಆ ಹೊತ್ತಿನಲ್ಲಿ ನಾನು ನಮ್ಮ ಕಥೋಲಿಕ ಚರ್ಚಿನಲ್ಲಿ ಎಂಟು ಗಂಟೆಯ ಬಲಿಪೂಜೆಯಲ್ಲಿದ್ದೆ. ಯಜಮಾನರು ಯಾಕೆ ಬಂದಿಲ್ಲ ಎಂದು ಕೇಳಿದವರಿಗೆಲ್ಲ ಮಂಡಿನೋವು ಎಂದು ಹೇಳಿದ್ದೆ. ದೇವರ ಮನೆಯೊಳಗೆ ನಿಂತು ಹೇಳಿದ ಸುಳ್ಳು ಅದು, ಆದರೆ ಸಣ್ಣದು. ಸಣ್ಣ ಸುಳ್ಳಿಗೂ ದೊಡ್ಡ ಸುಳ್ಳಿಗೂ ಬೇರೆ ಬೇರೆ ವಿಭಾಗವಿದೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಪಕ್ಕದ ತೋಟದವರಿಗೆ ಫೋನ್ ಮಾಡಿದರು. ಪಕ್ಕದ ತೋಟದವರು ಕೊಡವರು, ಇವರಿಗೆ ನಲವತ್ತು ವರ್ಷದ ಗೆಳೆಯರು. "ನಂಗೆ ಇವತ್ತು ಮರುಜನ್ಮ ಸಿಕ್ತು ಮಾರಾಯ್ರೇ" ಎಂದು ಇವರು ಹೇಳುವಷ್ಟರಲ್ಲಿ ಸಿಗ್ನಲ್ ಕಡಿದುಹೋಯಿತು. ನಮ್ಮ ಬಿಟ್ಟಂಗಾಲದ ಕಡೆ ಮರುಜನ್ಮ ಸಿಕ್ಕಿತು ಎಂದರೆ ಒಂದೇ ಅರ್ಥ. ಕಾಫಿ ಗಿಡದ ನಡುವೆ ಆನೆ ಎದುರಾಯಿತು, ಹೇಗೋ ಜೀವ ಉಳಿಯಿತು ಎಂದು. ಹತ್ತು ನಿಮಿಷದಲ್ಲಿ ಅವರ ಜೀಪು ನಮ್ಮ ಅಂಗಳದಲ್ಲಿತ್ತು. ಅದರ ಹಿಂದೆಯೇ ಎಸ್ಟೇಟಿನ ಕೂಲಿಯವರ ಲೈನಿನಿಂದ ನಾಲ್ಕು ಜನ ಹೆಂಗಸರು ಏದುಸಿರು ಬಿಡುತ್ತ ಬಂದರು. ಒಬ್ಬಳ ಕೈಯಲ್ಲಿ ಗ್ಲೂಕೋಸ್ ಪ್ಯಾಕೆಟ್.

"ಎಲ್ಲಿ ಸಿಕ್ತು? ಒಂಟಿಯಾ, ಗುಂಪಾ?" ಎಂದರು ಗೆಳೆಯರು.

"ಆನೆ ಅಲ್ಲ. ಯೇಸು" ಎಂದರು ಇವರು.

ಗೆಳೆಯರು ಇವರನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದರು. "ಪೆಟ್ಟು ಏನೂ ಆಗ್ಲಿಲ್ಲ ಅಲ್ಲ?" ಎಂದು ಕೇಳಿದರು. ಇಲ್ಲ ಎಂದಾಗ ನಿರಾಳವಾಗಿ ಕುರ್ಚಿ ಎಳೆದುಕೊಂಡು ಕುಳಿತರು. ಲೈನಿನ ಹೆಂಗಸರಿಗೆ ಮಾತ್ರ ಬಹಳ ನಿರಾಸೆಯಾಯಿತು. "ಆನೆಯೇ ಇಲ್ವಾ ಟೀಚರಮ್ಮ?" ಎಂದು ನನ್ನನ್ನು ಎರಡು ಸಲ ಕೇಳಿದರು. ಆ ಗ್ಲೂಕೋಸನ್ನು ಎಲ್ಲರೂ ಕಲಸಿಕೊಂಡು ಕುಡಿದೆವು, ಪ್ಯಾಕೆಟ್ ಆಗಲೇ ಒಡೆದಿತ್ತು.

ನಾನು ಯಾರೆಂಬುದನ್ನೂ ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷ ನಮ್ಮ ಚರ್ಚಿನಲ್ಲಿ ಭಾನುವಾರದ ಧರ್ಮೋಪದೇಶ ತರಗತಿ ನಡೆಸಿದವಳು ನಾನು. ಮೊದಲ ಪರಮಪ್ರಸಾದಕ್ಕೆ ಮಕ್ಕಳನ್ನು ತಯಾರು ಮಾಡುವುದು ನನ್ನ ಪಾಲಿನ ಕೆಲಸ. ಪ್ರಸಾದಕ್ಕೆ ಒಂದು ಗಂಟೆ ಮೊದಲಿನಿಂದ ಏನೂ ತಿನ್ನಬಾರದು, ಕುಡಿಯಬಾರದು. ನೀರು? ನೀರಿಗೆ ವಿನಾಯಿತಿ ಇದೆ. ಕಾಫಿ? ಕಾಫಿ ನೀರಲ್ಲ. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದಲ್ಲಿ ಶುಕ್ರವಾರ ಮಾಂಸ ಇಲ್ಲ. ಮೀನು ಆಗಬಹುದು, ಮೊಟ್ಟೆ ಆಗಬಹುದು, ಗದ್ದೆಯ ಏಡಿಯೂ ಆಗಬಹುದು. ಹಂದಿ ಸಾರಿನ ಸೌಟಿನಲ್ಲಿ ತಿರುವಿದ ಬೀನ್ಸ್ ಪಲ್ಯ ಆಗಬಹುದೇ ಎಂಬ ಪ್ರಶ್ನೆ ಒಂದು ಶುಕ್ರವಾರ ನಮ್ಮ ಅಡುಗೆಮನೆಯಲ್ಲೇ ಎದ್ದಿತ್ತು. ನಾನು ಅಷ್ಟೂ ಪಲ್ಯವನ್ನು ನಾಯಿಗೆ ಸುರಿದೆ. ನಾಯಿಗೆ ತಪಸ್ಸುಕಾಲ ಇಲ್ಲ, ಅದು ಖುಷಿಯಿಂದ ತಿಂದಿತು.

ಇಷ್ಟೆಲ್ಲ ಪಾಲಿಸುವವಳು ಸ್ವಂತ ತಂಗಿಯ ಜೊತೆ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದೆ. ಅದಕ್ಕೂ ಒಂದು ನಿಯಮವೇ ಕಾರಣವಾಗಿತ್ತು.

ನಮ್ಮ ಅಮ್ಮ ಕೊನೆಯ ಎರಡು ವರ್ಷ ತಂಗಿಯ ಮನೆಯಲ್ಲಿದ್ದಳು. ತಂಗಿಯ ಗಂಡ ಆಗ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ನಮ್ಮ ಮನೆಯಿಂದ ಅಲ್ಲಿಗೆ ಆರು ಕಿಲೋಮೀಟರ್ ತೋಟದ ದಾರಿ. ಮಳೆಗಾಳಿ ಬಿಡದ ಕಕ್ಕಡ ಮಾಸದ ಒಂದು ಬೆಳಿಗ್ಗೆ ಅಮ್ಮ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ನಾನು ಓಡಿಹೋಗಿ ಕೇಳಿದ ಮೊದಲ ಪ್ರಶ್ನೆ, "ಎಣ್ಣೆ ಆಯ್ತಾ?" ಎಂದು. ಸಾಯುವವರ ಹಣೆಗೂ ಅಂಗೈಗೂ ಫಾದರ್ ಬಂದು ಹಚ್ಚುವ ಪವಿತ್ರ ತೈಲವನ್ನು ನಾವು ಹಾಗೆ ಕರೆಯುತ್ತೇವೆ. ಆಗಿರಲಿಲ್ಲ. "ನಿನ್ನೆ ಸಾಯಂಕಾಲವೇ ನಿಮ್ಮನೆಗೆ ಫೋನ್ ಮಾಡಿದ್ದೆ ಅಕ್ಕ" ಎಂದಳು ತಂಗಿ. ನಾನು ಇವರ ಮುಖ ನೋಡಿದೆ. "ಯಾವ ಫೋನೂ ಬರ್ಲಿಲ್ಲ" ಎಂದರು ಇವರು. ಅಮ್ಮನ ಹೆಣದ ಮುಂದೆ, ಬಂದವರೆಲ್ಲ ಕೇಳುವ ಹಾಗೆ, ನಾನು ತಂಗಿಯನ್ನು ಸುಳ್ಳಿ ಎಂದೆ. ಅಮ್ಮನನ್ನು ಎಣ್ಣೆಯಿಲ್ಲದೆ ಕಳಿಸಿದವಳು ಎಂದೆ.

ಆಮೇಲೆ ಒಂಬತ್ತು ವರ್ಷ ಒಂದೇ ಚರ್ಚಿನಲ್ಲಿ ಭಾನುವಾರ ಭಾನುವಾರ ಕುಳಿತೆವು. ಇದು ಸುಲಭದ ಕೆಲಸವೆಂದು ಯಾರೂ ತಿಳಿಯಬಾರದು. ಬಲಿಪೂಜೆಯ ನಡುವೆ ಒಂದು ಕಡೆ ಫಾದರ್ ಶಾಂತಿಯನ್ನು ಹಂಚಿಕೊಳ್ಳಿ ಎನ್ನುತ್ತಾರೆ. ಆಗ ಎಲ್ಲರೂ ಅಕ್ಕಪಕ್ಕದವರಿಗೆ, ಹಿಂದುಮುಂದಿನವರಿಗೆ ಕೈಮುಗಿದು ಸಣ್ಣದಾಗಿ ನಗಬೇಕು. ನಮ್ಮ ಚರ್ಚಿನ ಹೆಂಗಸರ ಕಡೆ ಒಂದು ದಪ್ಪ ಕಂಬವಿದೆ. ತಂಗಿ ಯಾವ ಬೆಂಚಿನಲ್ಲಿ ಕುಳಿತಿದ್ದಾಳೆಂದು ಮೊದಲು ನೋಡಿಕೊಂಡು, ಕಂಬ ನಮ್ಮಿಬ್ಬರ ನಡುವೆ ಬರುವ ಹಾಗೆ ನಾನು ಜಾಗ ಹಿಡಿಯುತ್ತಿದ್ದೆ. ಅಕ್ಕಪಕ್ಕ ಎಂದರೆ ಎಷ್ಟು ದೂರ ಎಂದು ಎಲ್ಲಿಯೂ ಬರೆದಿಲ್ಲ, ಕಂಬದ ಆಚೆಗೂ ಕೈಮುಗಿಯಬೇಕೆಂದಂತೂ ಬರೆದಿಲ್ಲ. ಸಹೋದರನ ಮೇಲೆ ಮುನಿಸಿದ್ದರೆ ಮೊದಲು ಹೋಗಿ ರಾಜಿಯಾಗಿ, ಆಮೇಲೆ ಪೀಠದ ಹತ್ತಿರ ಬಾ ಎಂಬ ಪಾಠವನ್ನು ನಾನೇ ಪ್ರತಿ ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ನನ್ನದು ತಂಗಿಯಾದ್ದರಿಂದ ಅದು ನನಗೆ ಅನ್ವಯಿಸುವುದಿಲ್ಲವೆಂದು ಒಳಗೇ ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವಳೂ ನಾನೇ. ಹಾಗಾಗಿ ಒಂಬತ್ತು ವರ್ಷ ಒಂದು ಭಾನುವಾರವೂ ತಪ್ಪದೆ ನಾಲಿಗೆ ಚಾಚಿ ಪ್ರಸಾದ ತೆಗೆದುಕೊಂಡೆ.

ಇಂಥ ಮನೆಯಲ್ಲಿ ಒಂದು ಹೊಸ ಹುಟ್ಟು ಆಯಿತು ಎಂದರೆ ನನ್ನ ಅವಸ್ಥೆ ಏನಾಗಿರಬೇಡ!

ಹಾರ್ಡ್‌ವೇರ್ ಅಂಗಡಿಯ ಮೇಲಿನವರ ವಾದ ಇಷ್ಟು: ನಿಯಮ, ವ್ರತ, ಜಪಸರ ಇವುಗಳಿಂದ ಏನೂ ಆಗುವುದಿಲ್ಲ, ಒಳಗಿನಿಂದ ಹೊಸದಾಗಿ ಹುಟ್ಟಬೇಕು. ಕೇಳಲು ಚೆನ್ನಾಗಿಯೇ ಇದೆ. ಹುಟ್ಟಿದ ಎರಡನೇ ವಾರ ಇವರು ಒಂದು ಹಾಳೆ ತಂದರು. ಹೊಸದಾಗಿ ಹುಟ್ಟಿದವರು ಕುಡಿಯಬಾರದು, ಸಿನಿಮಾ ನೋಡಬಾರದು, ಉಂಗುರ ಹಾಕಬಾರದು, ಟೀವಿಯ ಧಾರಾವಾಹಿ ನೋಡಬಾರದು, ಮದುವೆ ಮನೆಯಲ್ಲಿ ವಾಲಗಕ್ಕೆ ಕುಣಿಯಬಾರದು. ಕೊಡಗಿನಲ್ಲಿ ಹುಟ್ಟಿ ವಾಲಗ ಕೇಳಿದಾಗ ಕಾಲು ಕುಣಿಯದಿದ್ದರೆ ಅದು ಹೊಸ ಹುಟ್ಟಲ್ಲ, ಪಾರ್ಶ್ವವಾಯು ಎಂದು ನಾನು ಹೇಳಿದೆ. ಹಾಳೆಯನ್ನು ಎಣಿಸಿ ನೋಡಿದರೆ ಹದಿನಾಲ್ಕು ನಿಯಮಗಳಿದ್ದವು. ನಮ್ಮ ದೇವರಾದರೂ ಹತ್ತಕ್ಕೆ ನಿಲ್ಲಿಸಿದ್ದ.

ಹುದಿಕೇರಿ ಕಡೆಯಿಂದ ಬರುವ ಒಬ್ಬ ಹೆಂಗಸು ನನ್ನನ್ನೂ ಹುಟ್ಟಿಸಲು ಮನೆಗೆ ಬಂದಳು. ಬಂದವಳೇ ನನ್ನನ್ನು "ಸಿಸ್ಟರ್" ಎಂದಳು. ನಮ್ಮಲ್ಲಿ ಸಿಸ್ಟರ್ ಎಂದರೆ ಕನ್ಯಾಮಠದವರು. ಮೂರು ಹೆತ್ತವಳನ್ನು ಹಾಗೆ ಕರೆದರೆ ಮುಜುಗರವಾಗುತ್ತದೆ.

"ಸಿಸ್ಟರ್, ನೀವು ಹುಟ್ಟಿದ ದಿನ ಯಾವುದು?" ಎಂದು ಕೇಳಿದಳು.

ಹೇಳಿದೆ.

"ಅದಲ್ಲ. ಎರಡನೇ ಸಲ ಹುಟ್ಟಿದ್ದು."

"ನಂದು ಮೊದಲನೇ ಸಲವೇ ಸರಿಯಾಗಿ ಆಗಿದೆ" ಎಂದೆ. ಅವಳು ನನಗಾಗಿ ಕಣ್ಣು ಮುಚ್ಚಿ ಪ್ರಾರ್ಥಿಸಿದಳು. ನಾನು ಕಣ್ಣು ಬಿಟ್ಟುಕೊಂಡೇ ಅವಳ ಸೀರೆಯ ಬಾರ್ಡರ್ ನೋಡಿದೆ, ಒಳ್ಳೆಯ ಸೀರೆ.

ನನ್ನ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಇವರು ಕುಡಿಯುವುದನ್ನು ನಿಜವಾಗಿಯೂ ಬಿಟ್ಟಿದ್ದರು. ಮದುವೆಯಾದಾಗಿನಿಂದ ದಿನಾ ಸಾಯಂಕಾಲ ಗ್ಲಾಸು ಹಿಡಿದು ಜಗಲಿಯಲ್ಲಿ ಕೂರುತ್ತಿದ್ದವರು, ಈಗ ಬೆಲ್ಲದ ಕಾಫಿ ಹಿಡಿದು ಕೂರುತ್ತಿದ್ದರು. ನಾನು ಇದಕ್ಕಾಗಿ ಮಾಡಿದ ಒಂಬತ್ತು ದಿನದ ನೊವೆನಾ ಪ್ರಾರ್ಥನೆಗಳೆಷ್ಟು, ಹಚ್ಚಿದ ಮೇಣದಬತ್ತಿಗಳೆಷ್ಟು! ಅದೆಲ್ಲ ಮುಗಿದು ಫಲ ಬರುವ ಹೊತ್ತಿಗೆ ಹೆಸರು ಮಾತ್ರ ಒಂದು ಕೀಬೋರ್ಡಿಗೆ ಹೋಯಿತು. ಸಂತರಿಗೆ ಇದು ಸರಿಯೆಂದು ಹೇಗೆ ಕಂಡಿತೋ ನನಗೆ ಈಗಲೂ ಗೊತ್ತಿಲ್ಲ. ಸಾಯಂಕಾಲಗಳು ನೆಮ್ಮದಿಯಾಗಿದ್ದವು ಎಂಬುದನ್ನೂ ಒಪ್ಪಿಕೊಳ್ಳಬೇಕು. ನೆಮ್ಮದಿಯಾಗಿದ್ದವು ಎಂದೇ ಇನ್ನೂ ಸಿಟ್ಟು ಬರುತ್ತಿತ್ತು.

ಹುಟ್ಟಿ ಒಂದು ತಿಂಗಳಾದ ಮೇಲೆ ಪಾಸ್ಟರ್ ಹೊಸ ಪಾಠ ಕೊಟ್ಟರು. ಯಾರಿಗೆ ಏನು ತಪ್ಪು ಮಾಡಿದ್ದೀರೋ ಅವರ ಮನೆಗೇ ಹೋಗಿ ಹೇಳಿ ಸರಿಮಾಡಿಕೊಳ್ಳಿ ಎಂದು. ಇವರು ಉತ್ಸಾಹದಿಂದ ಹೊರಟರು. ಪಕ್ಕದ ತೋಟದಿಂದ ಎಂದೋ ತಂದು ನಮ್ಮದೇ ಮಾಡಿಕೊಂಡಿದ್ದ, ಕಾಫಿ ರೆಂಬೆ ಸವರುವ ಕಸಿ ಗರಗಸವನ್ನು ಹಿಂದಿರುಗಿಸಿದರು. ಆ ಗೆಳೆಯರ ಆರು ಕೋಳಿಗಳನ್ನು ತಿಂದದ್ದು ಕಾಡುಬೆಕ್ಕಲ್ಲ, ನಮ್ಮ ನಾಯಿ ಎಂದು ಒಪ್ಪಿಕೊಂಡರು. ಗೆಳೆಯರು, "ಗೊತ್ತಿತ್ತು ಮಾರಾಯ, ಪುಕ್ಕ ಎಲ್ಲ ನಿನ್ನ ಕಣದಲ್ಲೇ ಇತ್ತಲ್ಲ. ಈಗ ಯಾಕೆ ಎದ್ದು ಬಂದೆ?" ಎಂದರಂತೆ. ಇವರು ಬಹಳ ಹಗುರಾಗಿ ಮನೆಗೆ ಬಂದರು.

"ಇನ್ನು ಯಾರು ಬಾಕಿ? ಪೋಸ್ಟ್‌ಮ್ಯಾನಾ?" ಎಂದು ನಾನು ಕೆಣಕಿದೆ.

ಅವರು ಎರಡು ದಿನ ಊಟವನ್ನೇ ಸರಿಯಾಗಿ ಮಾಡಲಿಲ್ಲ. ಮೂರನೇ ದಿನ ಮಧ್ಯಾಹ್ನ ಕಣದಲ್ಲಿ ಕರಿಮೆಣಸು ಹರವಿ, ಇಬ್ಬರೂ ಎದುರುಬದುರು ಕುಳಿತು ಕಾಳಿನ ನಡುವಿನ ಕಡ್ಡಿ ಹೆಕ್ಕುತ್ತಿದ್ದೆವು. ತಲೆ ಎತ್ತದೆ ಹೇಳಿದರು.

"ಆವತ್ತು ಫೋನ್ ಬಂದಿತ್ತು."

"ಯಾವತ್ತು?"

"ಅಮ್ಮ ಹೋಗೋ ಹಿಂದಿನ ದಿನ. ಸಾಯಂಕಾಲ. ನೀನು ಜಪಸರಕ್ಕೆ ಅಂತ ಹೋಗಿದ್ದೆ. ನಿನ್ನ ತಂಗಿಯೇ ಮಾಡಿದ್ದು. ಅಕ್ಕನ್ನ ಬೇಗ ಕಳ್ಸಿ ಬಾವ ಅಂದ್ಲು. ನಾನು ಹೂಂ ಅಂದೆ."

ನನ್ನ ಕೈಯಲ್ಲಿದ್ದ ಮೆಣಸು ಅಲ್ಲೇ ಉಳಿಯಿತು.

"ಆಗ್ಲೇ ಕುಡಿದಿದ್ದೆ. ನೀನು ಬಂದ್ಮೇಲೆ ಹೇಳಿದ್ರಾಯ್ತು ಅಂತ ಹಂಗೇ ಒರಗಿದೆ. ಎದ್ದಾಗ ಬೆಳಗಾಗಿತ್ತು. ಇನ್ನೊಂದು ಫೋನ್ ಬಂತಲ್ಲ, ಅದು ಸತ್ತ ಸುದ್ದಿ. ನೀನು ಅಲ್ಲಿ ಎಲ್ಲರ ಮುಂದೆ ನನ್ನ ಮುಖ ನೋಡಿದಾಗ ಭಯ ಆಯ್ತು. ಬರ್ಲಿಲ್ಲ ಅಂದ್ಬಿಟ್ಟೆ. ಒಂದ್ಸಲ ಅಂದ್ಮೇಲೆ ವಾಪಸ್ ತಗೊಳ್ಳೋದು ಹೆಂಗೆ?"

ನನಗೆ ಮೊದಲು ಹೊಳೆದ ಮಾತು ಏನೆಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. "ಇದನ್ನ ಪಾಪನಿವೇದನೆ ಮಾಡಿದ್ರಾ?" ಎಂದು ಕೇಳಿದೆ.

"ಮಾಡಿದ್ದೆ. ಅದರ ಮುಂದಿನ ಈಸ್ಟರಿಗೇ. ನೀನೇ ಲೈನಲ್ಲಿ ನಿಲ್ಸಿದ್ದೆಯಲ್ಲ."

ಹೌದು, ನಾನೇ ನಿಲ್ಲಿಸಿದ್ದೆ. ಗಂಡಸರ ಸಾಲಿನಲ್ಲಿ ಇವರು ತಪ್ಪಿಸಿಕೊಂಡು ಹೋಗದ ಹಾಗೆ ಬಾಗಿಲಲ್ಲಿ ಕಾವಲು ನಿಂತಿದ್ದೆ. ಹೊರಗೆ ಬಂದಾಗ ಇವರ ಕಣ್ಣು ಕೆಂಪಾಗಿತ್ತು. ಗಂಡ ಇಷ್ಟು ಭಕ್ತಿಯಿಂದ ಪಾಪನಿವೇದನೆ ಮಾಡಿದನಲ್ಲ ಎಂದು ನಾನು ಅವತ್ತು ಎಷ್ಟು ಹೆಮ್ಮೆಪಟ್ಟಿದ್ದೆ!

"ಫಾದರ್ ಏನಂದ್ರು?"

"ಪ್ರಾಯಶ್ಚಿತ್ತಕ್ಕೆ ಹತ್ತು ನಮೋ ಮರಿಯ ಹೇಳು ಅಂದ್ರು. ಹೆಂಡ್ತಿಗೂ ನಾದಿನಿಗೂ ನಿಜ ಹೇಳು ಅಂತನೂ ಅಂದ್ರು." ಒಂದು ಕಡ್ಡಿ ಹೆಕ್ಕಿ ಆಚೆ ಎಸೆದರು. "ಹತ್ತು ನಮೋ ಮರಿಯ ಹೇಳ್ದೆ."

ನಾನು ಎದ್ದು ಒಳಗೆ ಹೋಗಿ ಅಡುಗೆಮನೆಯ ನಲ್ಲಿ ತಿರುಗಿಸಿ ಸುಮ್ಮನೆ ನಿಂತುಕೊಂಡೆ. ಸಿಟ್ಟು ಇವರ ಮೇಲೆ ಬರಬೇಕಿತ್ತು, ಬಂತು ಕೂಡ. ಕೈಗೆ ಸಿಕ್ಕಿದ ಲೋಟವನ್ನು ಗೋಡೆಗೆ ಎಸೆದೆ, ಸ್ಟೀಲಿನದಾದ್ದರಿಂದ ಏನೂ ಆಗಲಿಲ್ಲ. ಆದರೆ ಆ ಸಿಟ್ಟಿನ ಅಡಿಯಲ್ಲಿ ಇನ್ನೊಂದು ಇತ್ತು. ಇವರನ್ನು ಆ ಸಾಲಿನಲ್ಲಿ ನಿಲ್ಲಿಸಿದ್ದು ನಾನು. ಎಣಿಸಲು ಬರುವ ಅರ್ಧವನ್ನು ಮುಗಿಸಿ ಮನೆಗೆ ಬಂದರೆ ಸಾಕು ಎಂದು ಈ ಮನೆಯಲ್ಲಿ ಕಲಿಸಿದ್ದೂ ನಾನೇ. ಹದಿನಾಲ್ಕು ನಿಯಮದ ಹಾಳೆ ಹಂಚುವ ಆ ಅಂಗಡಿ ಮೇಲಿನವರು ನನ್ನ ಗಂಡನಿಂದ ಹೊರಡಿಸಿದ ಮಾತನ್ನು ನನ್ನ ಮೂವತ್ತೊಂದು ವರ್ಷದ ಧರ್ಮೋಪದೇಶ ಹೊರಡಿಸಲಿಲ್ಲ. ಇದನ್ನು ಒಪ್ಪಿಕೊಳ್ಳುವುದಕ್ಕಿಂತ ಆ ಡ್ರಮ್ ಸೆಟ್ಟಿನ ಪಕ್ಕ ಕೂರುವುದು ನನಗೆ ಸುಲಭವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಆಟೋ ಕರೆಸಿದೆವು. ಇವರು ಕಂಕುಳಲ್ಲಿ ಬೈಬಲ್ ಇಟ್ಟುಕೊಂಡು ಸಿದ್ಧರಾಗಿ ನಿಂತಿದ್ದರು.

"ಅದನ್ನ ಒಳಗಿಡಿ. ಅಲ್ಲಿ ಸಾಕ್ಷಿ ಹೇಳೋಕೆ ಮೈಕ್ ಇಲ್ಲ" ಎಂದೆ. ಇಟ್ಟು ಬಂದರು.

ದಾರಿಯುದ್ದಕ್ಕೂ ನಾನು ತಂಗಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಮೊದಲು ತಪ್ಪನ್ನು ಹೆಸರಿಸುವುದು, ಆಮೇಲೆ ದುಃಖಪಡುವುದು, ಆಮೇಲೆ ಇನ್ನು ಮುಂದೆ ಹೀಗೆ ಮಾಡೆನೆಂದು ಮಾತು ಕೊಡುವುದು. ಮಕ್ಕಳಿಗೆ ಕಲಿಸುವಾಗ ನಾನು ಇಟ್ಟುಕೊಂಡಿದ್ದ ಕ್ರಮವೇ. ತೋಟಗಳಲ್ಲಿ ಕಾಫಿ ಹೂವು ಬಿಟ್ಟಿತ್ತು, ಸ್ಪ್ರಿಂಕ್ಲರ್ ನೀರು ಆಟೋದ ಒಳಗೂ ಹಾರಿ ನನ್ನ ಸೀರೆ ಒದ್ದೆಯಾಯಿತು. ಇವರು ಏನೋ ಸ್ತೋತ್ರ ಗುನುಗಲು ಶುರುಮಾಡಿದರು, ನಾನು ನೋಡಿದ ಮೇಲೆ ನಿಲ್ಲಿಸಿದರು.

ತಂಗಿಯ ಗಂಡ ನಿವೃತ್ತರಾದ ಮೇಲೆ ಅವರು ಅದೇ ಎಸ್ಟೇಟಿನ ಗಡಿಯಲ್ಲಿ ಸಣ್ಣ ಮನೆ ಕಟ್ಟಿಕೊಂಡಿದ್ದಾರೆ. ನಾನು ಆ ಮನೆಯನ್ನು ನೋಡಿಯೇ ಇರಲಿಲ್ಲ. ತಂಗಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನಮ್ಮನ್ನು ಕಂಡು ಕೈಯಲ್ಲಿದ್ದ ಟವೆಲನ್ನು ಪೂರ್ತಿ ಹಿಂಡಿ, ಹಗ್ಗಕ್ಕೆ ಹಾಕಿ, ಕ್ಲಿಪ್ಪನ್ನೂ ಸಿಕ್ಕಿಸಿ, ಆಮೇಲೆ "ಬನ್ನಿ" ಎಂದಳು. ಕೂದಲು ಎಷ್ಟು ಬೆಳ್ಳಗಾಗಿತ್ತೆಂದರೆ, ನನಗೆ ಅಮ್ಮನನ್ನೇ ಕಂಡ ಹಾಗಾಯಿತು. ಕಂಬದ ಆಚೆ ಇದ್ದವಳ ಕೂದಲನ್ನು ನಾನು ಯಾವಾಗ ಸರಿಯಾಗಿ ನೋಡಿದ್ದೆ?

ಒಳಗೆ ಕುಳಿತ ಕೂಡಲೇ ಇವರು ಗಡಬಡಿಸಿ ಎಲ್ಲವನ್ನೂ ಹೇಳಿಬಿಟ್ಟರು. ಹೇಳುತ್ತ ಹೇಳುತ್ತ ಅತ್ತರು. ತಂಗಿ ಕೊನೆಯವರೆಗೂ ಕೇಳಿಸಿಕೊಂಡಳು.

"ಗೊತ್ತಿತ್ತು ಬಾವ" ಎಂದಳು. "ಫೋನ್ ಎತ್ತಿ ಹೂಂ ಅಂದಿದ್ದು ನೀವೇ ಅಲ್ವಾ? ನಂಗೆ ಗೊತ್ತಿಲ್ದೆ ಇರುತ್ತಾ?"

"ಮತ್ತೆ ಯಾಕೆ ಹೇಳ್ಲಿಲ್ಲ?" ಎಂದೆ ನಾನು.

"ಹೇಳಿದ್ನಲ್ಲ. ನೀನು ಸುಳ್ಳಿ ಅಂದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಸಿಟ್ಟು ಮಾಡಿಕೊಂಡು ಸ್ವಲ್ಪ ಸುಧಾರಿಸಿಕೊಳ್ಳುತ್ತಿದ್ದೆ. ಜೋಡಿಸಿಕೊಂಡು ಬಂದ ಮಾತನ್ನು ಶುರುಮಾಡಿದೆ.

"ನಿನ್ನ ಹಂಗೆ ಅಂದಿದ್ದು ನನ್ನ ತಪ್ಪು. ನೀನು ಹೊತ್ತಿಗೆ ಸರಿಯಾಗೇ ಫೋನ್ ಮಾಡಿದ್ದೆ. ಇವ್ರು ಹೇಳಿದ್ದಿದ್ರೆ ನಾನು ಫಾದರನ್ನ ಕರ್ಕೊಂಡೇ ಬರ್ತಿದ್ದೆ. ಅಮ್ಮಂಗೆ ಎಣ್ಣೆ ಆಗ್ತಿತ್ತು. ನಿನ್ನ ಕಡೆಯಿಂದ ಯಾವ ಲೋಪವೂ ಆಗಿಲ್ಲ ಅಂತ ನಾನು..."

"ನೀನು ಇನ್ನೂ ಎಣ್ಣೇಲೇ ಇದ್ದೀಯಲ್ಲ ಅಕ್ಕ."

ಅವಳು ತನ್ನ ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡಳು.

"ಫಾದರ್ ಬೇಕು ಅಂತ ನಾನು ಫೋನ್ ಮಾಡ್ಲಿಲ್ಲ. ಅಮ್ಮ ಫಾದರನ್ನ ಕೇಳ್ಲೂ ಇಲ್ಲ. ದೊಡ್ಡೋಳು ಬಂದ್ಲಾ, ದೊಡ್ಡೋಳು ಬಂದ್ಲಾ ಅಂತ ಕೇಳ್ತಿದ್ಲು. ಅದಕ್ಕೇ ಮಾಡಿದ್ದು."

ದೊಡ್ಡವಳು ಎಂದರೆ ನಾನು. ಅಮ್ಮ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಒಂಬತ್ತು ವರ್ಷ ಅಮ್ಮನ ಹಣೆಗೆ ಏನು ಸಿಗಲಿಲ್ಲ ಎಂದು ಯೋಚಿಸಿದ ನನಗೆ, ಅಮ್ಮನಿಗೆ ಯಾರು ಸಿಗಲಿಲ್ಲ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಏನಾದರೂ ಹೇಳಬೇಕಿತ್ತು, ಬಾಯಿಗೆ ಬಂದದ್ದು ಇಷ್ಟೇ:

"ಎಷ್ಟು ಸಲ ಕೇಳಿದ್ಲು?"

ತಂಗಿ ನನ್ನನ್ನು ನೋಡಿದಳು. "ಅದನ್ನೆಲ್ಲ ಯಾರಾದ್ರೂ ಎಣಿಸ್ತಾರಾ ಅಕ್ಕ?" ಎಂದಳು. "ಬಾಗಿಲು ಸದ್ದಾದಾಗೆಲ್ಲ ಕೇಳಿದ್ಲು. ಕಕ್ಕಡದ ಗಾಳಿ ಅಲ್ವಾ, ಬಾಗಿಲು ಸದ್ದಾಗ್ತಾನೇ ಇತ್ತು."